ಮಗನೊಂದಿಗೆ ಒಂದೂ ಫೋಟೋ ಇಲ್ಲ ಎಂದು ಬರೆದ ತಂಗಿಗೆ

ಪ್ರಶ್ನೆ: ಮೇಡಂ, ಯೇಸುವಿನ ನಾಮದಲ್ಲಿ ವಂದನೆಗಳು. ನನಗೆ 31 ವರ್ಷ. ಬಾಗಲಕೋಟೆಯ ನವನಗರದಲ್ಲಿದ್ದೇನೆ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಎತ್ತರ ಐದು ಅಡಿ ಎರಡು ಇಂಚು. ಮದುವೆಯ ಹೊತ್ತಿಗೆ 54 ಕಿಲೋ ಇದ್ದೆ. ಸಿಸೇರಿಯನ್ ಆಗಿ ಎರಡು ವರ್ಷವಾಯಿತು, ಈಗ 71. ಚಿಕ್ಕಂದಿನಿಂದಲೂ ನಾನು ಕಪ್ಪು. ನೋಡಲು ಬಂದ ಎರಡು ಕಡೆಯವರು ‘ಬಣ್ಣ ಕಡಿಮೆ’ ಎಂದು ಹೇಳಿ ಹೋಗಿದ್ದರು. ಕನ್ನಡಿಯ ಮುಂದೆ ನಿಂತರೆ ನನ್ನನ್ನು ನಾನೇ ‘ಎಮ್ಮೆ’ ಎಂದು ಕರೆದುಕೊಳ್ಳುತ್ತೇನೆ, ದಿನಕ್ಕೆ ಎಷ್ಟು ಸಲವೋ. ಎಂಟು ತಿಂಗಳಿಂದ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಕ್ರೀಮ್ ಹಚ್ಚುತ್ತಿದ್ದೇನೆ. ಮೊದಲು ಬೆಳ್ಳಗಾದ ಹಾಗೆ ಕಂಡಿತು. ಈಗ ಬಿಸಿಲಿಗೆ ಹೋದರೆ ಉರಿ, ಮೂರು ದಿನ ಬಿಟ್ಟರೆ ಮುಖವೆಲ್ಲ ಕೆಂಪು ಗುಳ್ಳೆ. ಈ ಸಲ ಈಸ್ಟರ್‌ಗೆ ಮುಂಚಿನ ಲೆಂಟ್ ಕಾಲದಲ್ಲಿ ದಿನಕ್ಕೆ ಒಂದೇ ಊಟ ಎಂದು ಉಪವಾಸ ಹಿಡಿದೆ. ನಿಜ ಹೇಳುತ್ತೇನೆ, ತೂಕ ಇಳಿಯಲಿ ಎಂಬುದೇ ಮನಸ್ಸಿನಲ್ಲಿತ್ತು. ರಾತ್ರಿ ತಡೆಯಲಾರದೆ ಅಡುಗೆಮನೆಯಲ್ಲಿ ನಿಂತು ಸಿಕ್ಕಿದ್ದನ್ನೆಲ್ಲ ತಿಂದು, ಮೂರು ಸಲ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿದ್ದೇನೆ. ಯಾರಿಗೂ ಗೊತ್ತಿಲ್ಲ. ನಮ್ಮ ಸ್ತ್ರೀ ಸಮಾಜದ ಹಿರಿಯರೊಬ್ಬರು ‘ದೇಹ ಪವಿತ್ರಾತ್ಮನ ಆಲಯ, ಅದನ್ನು ಹೀಗೆ ಬಿಡಬಾರದು’ ಎಂದರು. ಇನ್ನೊಬ್ಬರು ‘ರೂಪದ ಚಿಂತೆಯೇ ಪಾಪ’ ಎಂದರು. ಪ್ರಾರ್ಥನೆ ಮಾಡಿದರೂ ಒಳಗಿನ ದನಿ ನಿಲ್ಲುವುದಿಲ್ಲ. ಅದು ದೇವರೇ ನನ್ನನ್ನು ಎಚ್ಚರಿಸುವ ದನಿಯೇ? ಮಗನೊಂದಿಗೆ ನಾನಿರುವ ಒಂದೂ ಫೋಟೋ ಇಲ್ಲ. ಎಲ್ಲವನ್ನೂ ಅಳಿಸಿಬಿಟ್ಟಿದ್ದೇನೆ. ಹೆಸರು ಹಾಕಬೇಡಿ.

ಉತ್ತರ: ತಂಗೀ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ದೇಹ ಹೀಗಾಗಿದೆಯಲ್ಲ ಎಂಬುದು ನಿಮ್ಮ ಒಂದು ನೋವು. ಹಾಗೆ ನೊಂದುಕೊಳ್ಳುವುದೇ ತಪ್ಪಿರಬಹುದೇ ಎಂಬುದು ಅದರ ಮೇಲೆ ಕುಳಿತ ಇನ್ನೊಂದು ನೋವು. ಬೆಳಗಾವಿಯಲ್ಲಿ ಆಪ್ತಸಮಾಲೋಚಕಿಯಾಗಿ ಹತ್ತೊಂಬತ್ತು ವರ್ಷ ಕಳೆದಿರುವ ನನಗೆ, ನಮ್ಮ ಸಭೆಗಳ ಹೆಣ್ಣುಮಕ್ಕಳಲ್ಲಿ ಈ ಎರಡನೆಯದೇ ಹೆಚ್ಚು ಭಾರವಾಗಿ ಕಂಡಿದೆ. ಅದರ ಬಗ್ಗೆ ವಿವರವಾಗಿ ಬರೆಯುತ್ತೇನೆ. ಅದಕ್ಕೂ ಮೊದಲು ಕಾಯಲಾಗದ ಎರಡು ವಿಷಯಗಳಿವೆ.

ಒಂದು ಕ್ರೀಮ್. ನೀವು ಹೇಳಿರುವ ಲಕ್ಷಣಗಳು ಸ್ಟೀರಾಯ್ಡ್ ಇರುವ ಕ್ರೀಮಿನವು ಎಂದು ನನಗೆ ಬಲವಾದ ಅನುಮಾನ. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಎಂಬ ಹೆಸರುಗಳಲ್ಲಿ ಒಂದಿರಬಹುದು, ಜೊತೆಗೆ ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್ ಕೂಡ ಇರಬಹುದು. ಇವು ಚರ್ಮರೋಗಕ್ಕೆ, ವೈದ್ಯರ ಚೀಟಿಯ ಮೇಲೆ, ಕೆಲವು ವಾರಗಳ ಮಟ್ಟಿಗೆ ಕೊಡುವ ಔಷಧಿಗಳು. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಹೆಚ್ಚುತ್ತದೆ, ಬಿಸಿಲು ತಡೆಯುವುದಿಲ್ಲ. ಬಿಟ್ಟ ಕೂಡಲೇ ಮುಖ ಕೆರಳುತ್ತದೆ. ಆ ಕೆರಳಿಕೆಗೆ ಹೆದರಿ ಮತ್ತೆ ಹಚ್ಚುತ್ತಾರೆ. ಇದೊಂದು ಬಲೆ, ಎಷ್ಟೋ ಹೆಣ್ಣುಮಕ್ಕಳು ಇದರಲ್ಲಿ ಸಿಕ್ಕಿಬಿದ್ದಿದ್ದಾರೆ. ಈ ವಾರವೇ ಟ್ಯೂಬನ್ನು ಕೈಯಲ್ಲಿ ಹಿಡಿದು ಚರ್ಮರೋಗ ತಜ್ಞರ ಬಳಿ ಹೋಗಿ. ಒಮ್ಮೆಲೇ ನಿಲ್ಲಿಸಬೇಕೋ ಕ್ರಮೇಣ ಬಿಡಿಸಬೇಕೋ ಎಂಬುದನ್ನು ಅವರು ಮುಖ ನೋಡಿ ಹೇಳುತ್ತಾರೆ. ಮಗುವಿಗೆ ಇನ್ನೂ ಹಾಲುಣಿಸುತ್ತಿದ್ದರೆ ಅದನ್ನೂ ತಿಳಿಸಿ. ಬಿಡುವ ದಾರಿಯಲ್ಲಿ ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳ ಕಾಲ, ಮುಖ ಈಗಿರುವುದಕ್ಕಿಂತ ಕೆಟ್ಟದಾಗಿ ಕಾಣಬಹುದು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಆ ದಿನಗಳಲ್ಲಿ ನೀವು ಗಾಬರಿಯಾಗಿ ಇನ್ನೊಂದು ಟ್ಯೂಬ್ ಕೊಳ್ಳಬಾರದು ಎಂದು.

ಇನ್ನೊಂದು ವಾಂತಿ. ಮೂರು ಸಲ ಎಂಬುದನ್ನು ಹೇಳಿಕೊಂಡದ್ದಕ್ಕೆ ನಿಮಗೆ ನಾನು ಋಣಿ. ಈ ಮಾತು ಬಾಯಿಗೆ ಬರಲು ಹಲವರಿಗೆ ವರ್ಷಗಳೇ ಬೇಕಾಗುತ್ತವೆ. ಮೂರು ಸಲ ಆದ ಮಾತ್ರಕ್ಕೆ ನಿಮಗೆ ರೋಗದ ಹೆಸರು ಅಂಟಿಸುವುದಿಲ್ಲ. ಆದರೆ ಹಸಿವು, ಮಿತಿಮೀರಿ ತಿನ್ನುವುದು, ವಾಂತಿ, ನಾಚಿಕೆ, ಮತ್ತೆ ಉಪವಾಸ ಎಂಬ ಈ ಸುತ್ತು ತಾನಾಗಿಯೇ ವೇಗ ಪಡೆಯುತ್ತದೆ. ಪದೇ ಪದೇ ವಾಂತಿ ಮಾಡಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು, ಹಲ್ಲಿನ ಹೊರಪದರ ಸವೆಯುತ್ತದೆ. ರಾತ್ರಿಯ ಆ ಹಸಿವನ್ನು ನೀವು ಮನಸ್ಸಿನ ದೌರ್ಬಲ್ಯ ಎಂದುಕೊಂಡಿದ್ದೀರಿ. ದಿನಕ್ಕೆ ಆರು ಪೀರಿಯಡ್ ನಿಂತು ಪಾಠ ಮಾಡಿ, ಮನೆಗೆ ಬಂದು ಎರಡು ವರ್ಷದ ಮಗುವಿನ ಹಿಂದೆ ಓಡುವ ದೇಹಕ್ಕೆ ಒಂದೇ ಊಟ ಕೊಟ್ಟರೆ ಅದು ರಾತ್ರಿ ಬಾಕಿ ವಸೂಲಿ ಮಾಡಿಯೇ ತೀರುತ್ತದೆ. ಬಿಡಿಸಿಕೊಳ್ಳುವ ಮೊದಲ ಹೆಜ್ಜೆ ಹೊತ್ತಿಗೆ ಸರಿಯಾಗಿ ಉಣ್ಣುವುದು: ಮೂರು ಊಟ, ನಡುವೆ ಎರಡು ಸಲ ಏನಾದರೂ ಸ್ವಲ್ಪ, ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬೇಡ. ಜೋಳದ ರೊಟ್ಟಿಯನ್ನು ಶತ್ರು ಮಾಡಿಕೊಳ್ಳಬೇಡಿ. ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಮೊಸರು ಇರುವ ತಟ್ಟೆ ಒಳ್ಳೆಯ ತಟ್ಟೆ.

ಉಪವಾಸದ ಬಗ್ಗೆಯೂ ಹೇಳಿಬಿಡುತ್ತೇನೆ. ಲೆಂಟ್ ಉಪವಾಸವನ್ನು ನಾನು ಗೌರವಿಸುತ್ತೇನೆ, ಆಚರಿಸುತ್ತೇನೆ ಕೂಡ. ನಿಮ್ಮದು ತಕ್ಕಡಿಯ ಮುಂದೆ ಮಾಡಿದ ಉಪವಾಸ ಎಂದು ನೀವೇ ಬರೆದಿದ್ದೀರಿ. ಉಣ್ಣುವುದು, ಬಿಡುವುದು ಹೀಗೆ ಹದ ತಪ್ಪಿರುವವರು ಊಟದ ಉಪವಾಸ ಮಾಡಬಾರದು. ಗರ್ಭಿಣಿಯರಿಗೂ ರೋಗಿಗಳಿಗೂ ಸಭೆ ಯಾವಾಗಲೂ ಕೊಟ್ಟಿರುವ ವಿನಾಯಿತಿ ನಿಮಗೂ ಇದೆ. ಮುಂದಿನ ವರ್ಷ ಬೇರೆ ಏನನ್ನಾದರೂ ಬಿಡಿ, ಮೊಬೈಲಿನಲ್ಲಿ ಬೇರೆಯವರ ಮುಖ ನೋಡುವುದನ್ನೇ ಬಿಡಬಹುದು.

ಈಗ ಆ ದನಿಯ ಮಾತು.

ಅದು ದೇವರ ದನಿಯೇ ಎಂದು ಕೇಳಿದ್ದೀರಿ. ನನ್ನ ಕೊಠಡಿಗೆ ಬರುವವರಿಗೆ ನಾನು ಒಂದು ಕೆಲಸ ಕೊಡುತ್ತೇನೆ. ಒಂದು ವಾರ, ಒಳಗಿನ ದನಿ ಆಡಿದ ಮಾತನ್ನು ಅದು ಆಡಿದ ಹಾಗೆಯೇ ಬರೆಯಿರಿ. ಪಕ್ಕದಲ್ಲಿ, ಈ ಮಾತನ್ನು ಮೊದಲು ಯಾರ ಬಾಯಲ್ಲಿ ಕೇಳಿದೆ, ಎಲ್ಲಿ, ನನಗೆ ಆಗ ಎಷ್ಟು ವಯಸ್ಸು ಎಂದು ಬರೆಯಿರಿ. ಬಹುತೇಕ ಎಲ್ಲರಿಗೂ ಪಕ್ಕದ ಸಾಲು ತುಂಬುತ್ತದೆ. ಸೋದರತ್ತೆ, ಮದುವೆಮನೆಯ ಊಟದ ಪಂಕ್ತಿ, ಒಂಬತ್ತು ವರ್ಷ. ಟೇಲರ್ ಅಂಗಡಿ, ಖಣದ ಕುಪ್ಪಸದ ಅಳತೆ ತೆಗೆದುಕೊಳ್ಳುವಾಗ, ಹದಿಮೂರು. ‘ಎಮ್ಮೆ’ ಎಂಬ ಮಾತು ನಿಮ್ಮದಲ್ಲ, ತಂಗೀ, ಅದನ್ನು ಯಾರೋ ಕೊಟ್ಟು ಹೋಗಿದ್ದಾರೆ. ‘ಬಣ್ಣ ಕಡಿಮೆ’ ಎಂಬುದನ್ನು ಯಾರು ಕೊಟ್ಟರು ಎಂದು ನೀವೇ ಬರೆದಿದ್ದೀರಿ. ಬಂದು ಚಹಾ ಕುಡಿದು ಹೋದ ಎರಡು ಕುಟುಂಬಗಳ ಮಾತನ್ನು ದೇವರ ಬಾಯಿಗೆ ಹಾಕಬೇಡಿ.

ನನಗೂ ಅಂಥ ಒಂದು ಸಾಲು ಇದೆ. ನಾನು ಬೆಳೆದ ಸಭೆಯಲ್ಲಿ ಪ್ರತಿ ಕ್ರಿಸ್ಮಸ್ ನಾಟಕದಲ್ಲೂ ಮರಿಯಳ ಪಾತ್ರ ಎಲ್ಲರಿಗಿಂತ ಬೆಳ್ಳಗಿರುವ ಹುಡುಗಿಗೇ ಹೋಗುತ್ತಿತ್ತು. ಏಳು ವರ್ಷ ನಾನು ತಲೆಗೆ ಟವೆಲ್ ಸುತ್ತಿಕೊಂಡು ಕುರುಬಳಾಗಿ ನಿಂತೆ. ಯಾರೂ ಕೆಟ್ಟವರಾಗಿರಲಿಲ್ಲ, ನನ್ನನ್ನು ಪ್ರೀತಿಸುತ್ತಿದ್ದವರೇ. ಗೋಡೆಯ ಕ್ಯಾಲೆಂಡರಿನಲ್ಲಿ ನೀಲಿ ಕಣ್ಣಿನ ಮರಿಯಳಿದ್ದಳು, ಅದರಂತೆ ಆರಿಸಿದರು. ನಜರೇತಿನ ಬಿಸಿಲಿನಲ್ಲಿ ನೀರು ಹೊತ್ತು ಬೆಳೆದ ಯೆಹೂದ್ಯ ಹುಡುಗಿಯ ಬಣ್ಣ ಹೇಗಿದ್ದಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದದ್ದೂ ಮೂವತ್ತು ದಾಟಿದ ಮೇಲೆ.

ಈ ದನಿ ಹುಟ್ಟಿನಿಂದ ಬರುವುದಿಲ್ಲ ಎಂಬುದಕ್ಕೆ ಫಿಜಿ ದ್ವೀಪದ ಒಂದು ಅಧ್ಯಯನ ನನ್ನ ಕ್ಷೇತ್ರದಲ್ಲಿ ಪ್ರಸಿದ್ಧ. ಮೈತುಂಬಿಕೊಂಡ ಹೆಣ್ಣನ್ನೇ ಚೆಂದ ಎನ್ನುತ್ತಿದ್ದ ಸಮಾಜ ಅದು. ಅಲ್ಲಿನ ಒಂದು ಪ್ರದೇಶಕ್ಕೆ 1995ರಲ್ಲಿ ಟಿವಿ ಬಂತು. ಸಂಶೋಧಕಿ ಆ್ಯನ್ ಬೆಕರ್ ಅವರ ತಂಡ ಶಾಲಾ ಹುಡುಗಿಯರನ್ನು ಆಗ ಒಮ್ಮೆ, 1998ರಲ್ಲಿ ಮತ್ತೊಮ್ಮೆ ವಿಚಾರಿಸಿತು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ. ಮೂರು ವರ್ಷಗಳಲ್ಲಿ ನೂರಕ್ಕೆ ಹನ್ನೊಂದು ಮಂದಿ ಹಾಗೆ ಮಾಡುತ್ತಿದ್ದರು. ನಮ್ಮ ಕೈಯಲ್ಲಿರುವುದು ಟಿವಿಗಿಂತ ಹತ್ತಿರದ ಪರದೆ, ಅದರಲ್ಲಿ ಮುಖವನ್ನು ತಾನಾಗಿಯೇ ಬೆಳ್ಳಗೆ, ತೆಳ್ಳಗೆ ಮಾಡುವ ಫಿಲ್ಟರ್ ಬೇರೆ.

ನಿಮ್ಮ ಆ ಇಬ್ಬರು ಹಿರಿಯರ ವಿಷಯಕ್ಕೆ ಬರುತ್ತೇನೆ. ಮೊದಲನೆಯವರು ಹೇಳಿದ ‘ಆಲಯ’ದ ವಾಕ್ಯ 1 ಕೊರಿಂಥ 6ನೇ ಅಧ್ಯಾಯದ್ದು. ಇಡೀ ಭಾಗವನ್ನು ಒಮ್ಮೆ ಓದಿ. ಪೌಲನು ಅಲ್ಲಿ ವೇಶ್ಯೆಯರ ಬಳಿಗೆ ಹೋಗುವವರನ್ನು ತಡೆದು ಮಾತಾಡುತ್ತಿದ್ದಾನೆ. ಹೆರಿಗೆಯಾದ ಹೆಣ್ಣಿನ ಸೊಂಟದ ಸುತ್ತಳತೆಯ ಪ್ರಸ್ತಾಪ ಅಲ್ಲಿಲ್ಲ. ದೇಹವನ್ನು ಚೆನ್ನಾಗಿ ನೋಡಿಕೊಳ್ಳಬೇಕು ಎಂಬುದು ಸರಿಯಾದ ಮಾತೇ, ಆದರೆ ಆ ವಾಕ್ಯವನ್ನು ಬೆತ್ತವಾಗಿ ಹಿಡಿಯುವುದು ಸರಿಯಲ್ಲ. ಎರಡನೆಯವರ ಮಾತಿನಲ್ಲೂ ಒಂದು ತುಣುಕು ನಿಜವಿದೆ: ದಿನವೆಲ್ಲ ಕನ್ನಡಿಯ ಸುತ್ತ ಸುತ್ತುವ ಮನಸ್ಸಿಗೆ ಬೇರೆಯದಕ್ಕೆ ಜಾಗ ಉಳಿಯುವುದಿಲ್ಲ. ಆದರೆ ಮೆರೆಯಲು ರೂಪದ ಚಿಂತೆ ಮಾಡುವವರು ಬೇರೆ, ನೊಂದು ಮಾಡುವವರು ಬೇರೆ. ಗಾಯದ ಮೇಲೆ ಕೈಯಿಟ್ಟುಕೊಂಡವಳನ್ನು ಅಹಂಕಾರಿ ಎನ್ನಲಾಗದು. ನಿಮ್ಮನ್ನು ನೀವೇ ಹೀಗಳೆದುಕೊಳ್ಳುವುದು ವಿನಯವೂ ಅಲ್ಲ. ‘ಎಮ್ಮೆ’ ಎಂದು ನಿಮ್ಮ ತರಗತಿಯ ಹುಡುಗಿಯೊಬ್ಬಳನ್ನು ಯಾರಾದರೂ ಕರೆದರೆ ನೀವು ಸುಮ್ಮನಿರುತ್ತೀರಾ? ನೆರೆಯವಳಿಗೆ ಆಡಬಾರದ ಮಾತನ್ನು ನಿಮಗೂ ಆಡಿಕೊಳ್ಳಬಾರದು, ಅಷ್ಟೇ.

ಬಣ್ಣದ ಬಗ್ಗೆ ನಾನು ಎಲ್ಲ ಹೆಣ್ಣುಮಕ್ಕಳಿಗೂ ಓದಿ ಎಂದು ಹೇಳುವುದು ಪರಮಗೀತದ ಮೊದಲ ಅಧ್ಯಾಯದ ಐದು, ಆರನೇ ವಚನಗಳನ್ನು. ಹೊಲದ ಹುಡುಗಿಯೊಬ್ಬಳು ಯೆರೂಸಲೇಮಿನ ಪಟ್ಟಣದ ಹೆಂಗಸರಿಗೆ ಹೇಳುತ್ತಾಳೆ: ನನ್ನನ್ನು ದಿಟ್ಟಿಸಬೇಡಿ, ನನ್ನನ್ನು ಸುಟ್ಟದ್ದು ಬಿಸಿಲು, ಅಣ್ಣತಮ್ಮಂದಿರು ನನ್ನನ್ನು ದ್ರಾಕ್ಷಿತೋಟ ಕಾಯಲು ಹಚ್ಚಿದರು. ದ್ರಾಕ್ಷಿತೋಟದಲ್ಲಿ ದುಡಿಯುವ ವಿಜಯಪುರ, ಬಾಗಲಕೋಟೆಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವಳು ‘ಕಪ್ಪಗಿದ್ದರೂ ಚೆಲುವೆ’ ಎಂದು ಹಲವು ಅನುವಾದಗಳಲ್ಲಿ ಓದುತ್ತೇವೆ. ಹೀಬ್ರೂ ಮೂಲದಲ್ಲಿರುವ ಆ ಸಣ್ಣ ಪ್ರತ್ಯಯಕ್ಕೆ ‘ಆದರೂ’ ಎಂಬಷ್ಟೇ ಸಹಜವಾಗಿ ‘ಮತ್ತು’ ಎಂಬ ಅರ್ಥವೂ ಇದೆ. ಕಪ್ಪಗಿದ್ದೇನೆ, ಚೆಲುವೆಯಾಗಿಯೂ ಇದ್ದೇನೆ. ನಮ್ಮ ಮನೆಗಳಲ್ಲಿ ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎಂದು ಹೊಗಳುತ್ತೇವಲ್ಲ, ಆ ‘ಇದ್ದರೂ’ ಎಂಬ ಮೂರಕ್ಷರದ ಒಳಗೆ ಎಷ್ಟು ಹುಡುಗಿಯರು ಮುದುರಿಕೊಂಡು ಬೆಳೆದಿದ್ದಾರೆ! ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಅವು ತಯಾರಿಸುವ ಮೆಲನಿನ್ನಿನಲ್ಲಿ, ಆ ಮೆಲನಿನ್ ಬಿಸಿಲಿನ ಹಾನಿಯಿಂದ ಕಾಪಾಡುತ್ತದೆ. ಹುಟ್ಟು ಬಣ್ಣವನ್ನು ಶಾಶ್ವತವಾಗಿ ಬದಲಿಸುವ ಕ್ರೀಮ್ ಇಲ್ಲ.

ಹಾಗಾದರೆ ದನಿಯನ್ನು ನಿಲ್ಲಿಸುವುದು ಹೇಗೆ? ‘ನಾನು ಸುಂದರಿ, ನಾನು ಸುಂದರಿ’ ಎಂದು ಕನ್ನಡಿಗೆ ಹೇಳಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಾನು ಕೊಡುವುದಿಲ್ಲ. ತಮ್ಮ ಬಗ್ಗೆ ಕೀಳರಿಮೆ ಇರುವವರು ಇಂಥ ಮಾತನ್ನು ಪುನರುಚ್ಚರಿಸಿದಾಗ ಮೊದಲಿಗಿಂತ ಹೆಚ್ಚು ಕುಗ್ಗಿದರು ಎಂದು ಕೆನಡಾದ ಜೋಆ್ಯನ್ ವುಡ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡುಬಂತು. ಮನಸ್ಸು ಒಪ್ಪದ ಮಾತನ್ನು ಬಾಯಿ ಆಡಿದರೆ ಒಳಗೆ ವಾದ ಶುರುವಾಗುತ್ತದೆ, ಆ ವಾದದಲ್ಲಿ ಹಳೆಯ ದನಿಯೇ ಗೆಲ್ಲುತ್ತದೆ. ಬೈದುಕೊಂಡರೆ ಶಿಸ್ತು ಬರುತ್ತದೆ ಎಂಬ ನಂಬಿಕೆಯೂ ಸುಳ್ಳು. ನಿಮ್ಮ ಅಡುಗೆಮನೆಯ ರಾತ್ರಿಗಳನ್ನೇ ನೋಡಿ, ಅವು ಬಂದದ್ದು ಹೆಚ್ಚು ಬೈದುಕೊಂಡ ದಿನಗಳಲ್ಲಿ ಎಂದು ನಾನು ಊಹಿಸುತ್ತೇನೆ.

ನನಗೆ ದಾರಿ ತೋರಿದ್ದು 42 ಮತ್ತು 43ನೇ ಕೀರ್ತನೆಗಳು. ಕೀರ್ತನೆಗಾರ ತನ್ನ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು, ಏಕೆ ಕುಗ್ಗಿದ್ದೀಯೆ, ಏಕೆ ತಳಮಳಿಸುತ್ತೀಯೆ ಎಂದು ಕೇಳುತ್ತಾನೆ. ಕೇಳುತ್ತಾನೆ, ಗದರುವುದಿಲ್ಲ. ಎಲ್ಲ ಸರಿಯಾಗಿದೆ ಎಂದು ಸುಳ್ಳನ್ನೂ ಹೇಳುವುದಿಲ್ಲ. ಹಗಲಿರುಳು ಕಣ್ಣೀರೇ ಆಹಾರವಾಗಿದೆ ಎಂದು ಒಪ್ಪಿಕೊಂಡವನು ಅವನು. ಆ ಪ್ರಶ್ನೆ ಎರಡು ಕೀರ್ತನೆಗಳಲ್ಲಿ ಮೂರು ಸಲ ಬರುತ್ತದೆ. ಮೊದಲ ಸಲಕ್ಕೆ ಮನಸ್ಸು ಕೇಳಲಿಲ್ಲ, ಎರಡನೆಯದಕ್ಕೂ ಕೇಳಲಿಲ್ಲ, ಮತ್ತೆ ಕೇಳಿದ. ಮೂರನೆಯ ಸಲದ ನಂತರವೂ ಕಷ್ಟ ತೀರಿತು ಎಂದು ಅಲ್ಲಿ ಬರೆದಿಲ್ಲ. ‘ಪ್ರಾರ್ಥನೆ ಮಾಡಿದರೂ ನಿಲ್ಲುವುದಿಲ್ಲ’ ಎಂದು ನೀವು ಬರೆದ ಸಾಲಿನ ಪಕ್ಕ ಇದನ್ನು ಇಟ್ಟು ನೋಡಿ. ನಿಮ್ಮ ಪ್ರಾರ್ಥನೆ ಸೋತಿಲ್ಲ.

ಆಧುನಿಕ ಮನಶ್ಶಾಸ್ತ್ರದ ವಿಧಾನವೂ ಇದಕ್ಕೆ ಹತ್ತಿರದ್ದೇ. ದನಿ ‘ಎಮ್ಮೆ’ ಎಂದಾಗ ಅದನ್ನು ತಳ್ಳಬೇಡಿ, ನಂಬಲೂ ಬೇಡಿ. ‘ಅದೇ ಹಳೆಯ ಮಾತು ಬಂತು’ ಎಂದು ಗುರುತಿಸಿ. ಆಮೇಲೆ ಹೊಗಳಿಕೆಯೂ ಬೈಗುಳವೂ ಆಗದ ಒಂದು ನಿಜವನ್ನು ಹೇಳಿ: ‘ನನ್ನ ತೂಕ 71 ಕಿಲೋ. ಈ ಹೊಟ್ಟೆಯಲ್ಲಿ ಮಗ ಬೆಳೆದ. ಇವತ್ತು ನನಗೆ ನಿದ್ದೆ ಕಡಿಮೆಯಾಗಿದೆ.’ ಇಷ್ಟು ಸಪ್ಪೆಯಾದ ಮಾತಿನಿಂದ ಏನಾದೀತು ಎನಿಸಬಹುದು. ಮನಸ್ಸು ವಾದಿಸಲು ಆಗದಷ್ಟು ಸಪ್ಪೆಯಾಗಿರುವುದೇ ಅದರ ಬಲ. ಎಂಟು ಹತ್ತು ವಾರ ಬಿಡದೆ ಮಾಡಿದವರಲ್ಲಿ ದನಿ ಮಾಯವಾಗುವುದಕ್ಕಿಂತ ಹೆಚ್ಚಾಗಿ, ಪಕ್ಕದ ಮನೆಯ ರೇಡಿಯೋದಷ್ಟು ದೂರ ಹೋಗುವುದನ್ನು ನಾನು ಕಂಡಿದ್ದೇನೆ. ಪ್ರಾರ್ಥಿಸುವಾಗಲೂ ಆ ಬೈಗುಳವನ್ನು ಬಚ್ಚಿಡಬೇಡಿ, ಅದನ್ನೇ ಕರ್ತನಿಗೆ ಹೇಳಿ. ಪುನರುತ್ಥಾನವಾದ ಮೇಲೂ ತನ್ನ ದೇಹದ ಗಾಯದ ಗುರುತುಗಳನ್ನು ಮುಚ್ಚದೆ ತೋಮನಿಗೆ ತೋರಿಸಿದವನು ಆತ. ನಿಮ್ಮ ಸಿಸೇರಿಯನ್ ಗೆರೆಯ ಬಗ್ಗೆ ಆತನ ಮುಂದೆ ನಾಚಬೇಕಾಗಿಲ್ಲ.

ತೂಕದ ವಿಷಯದಲ್ಲಿ ನಿಮಗೆ ಸಮಾಧಾನದ ಸುಳ್ಳು ಹೇಳಲಾರೆ. ನಿಮ್ಮ ಎತ್ತರಕ್ಕೆ 71 ಕಿಲೋ ಎಂದರೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಸುಮಾರು 29. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಎಣಿಸುತ್ತಾರೆ, ಏಕೆಂದರೆ ಸಕ್ಕರೆ ಕಾಯಿಲೆ ನಮ್ಮವರಿಗೆ ಕಡಿಮೆ ತೂಕದಲ್ಲೇ ಬರುತ್ತದೆ. ಇದು ಆರೋಗ್ಯದ ಲೆಕ್ಕ, ಚೆಂದದ ಅಂಕಪಟ್ಟಿಯಲ್ಲ. 54ಕ್ಕೆ ಮರಳಬೇಕಾಗಿಯೂ ಇಲ್ಲ. ಮೂರೂವರೆಯಿಂದ ಏಳು ಕಿಲೋ ನಿಧಾನವಾಗಿ ಇಳಿದರೂ ಸಕ್ಕರೆಗೆ, ರಕ್ತದೊತ್ತಡಕ್ಕೆ ಗುಣ ಕಾಣುತ್ತದೆ. ಆದರೆ ಈಗಲೇ ತೂಕ ಇಳಿಸುವ ಪಥ್ಯ ಹಿಡಿಯಬೇಡಿ. ಮೊದಲು ಮೂರು ತಿಂಗಳು ಊಟ ಹೊತ್ತಿಗೆ ಬರಲಿ, ವಾಂತಿ ಪೂರ್ತಿ ನಿಲ್ಲಲಿ. ಈ ನಡುವೆ ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆಯ ರಕ್ತಪರೀಕ್ಷೆ ಮಾಡಿಸಿ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದು ಅಪರೂಪವಲ್ಲ. ತೂಕ, ಸುಸ್ತು, ಬೇಸರ ಮೂರೂ ಅದರಿಂದ ಬರಬಹುದು. ಮುಟ್ಟು ಹಿಂದೆ ಮುಂದೆ ಆಗುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ತಿಳಿಸಿ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಇದ್ದರೆ ಅದನ್ನು ಕೊಳೆ ಎಂದು ಉಜ್ಜಬೇಡಿ, ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ ಅದಾಗಿರಬಹುದು.

ಯಾರಿಗೆ ಹೇಳಿಕೊಳ್ಳುವುದು? ಸಭಾಪಾಲಕರಿಗೋ ಅವರ ಪತ್ನಿಗೋ ಹೇಳಿದರೆ ನಂಬಿಕೆಯ ಭಾಷೆಯಲ್ಲೇ ಮಾತಾಡುವವರು ಸಿಗುತ್ತಾರೆ. ಅಪಾಯವೂ ಇದೆ: ನಮ್ಮಲ್ಲಿ ಗುಟ್ಟು ‘ಪ್ರಾರ್ಥನೆಯ ವಿನಂತಿ’ಯ ರೂಪದಲ್ಲಿ ಊರು ಸುತ್ತುತ್ತದೆ. ‘ಇದು ನಿಮ್ಮಲ್ಲೇ ಇರಲಿ, ಸಭೆಯ ಮುಂದೆ ಬೇಡ’ ಎಂದು ಮೊದಲೇ ಹೇಳಿ, ಭರವಸೆ ಪಡೆದು ಮಾತು ಶುರು ಮಾಡಿ. ಗಂಡನಿಗೆ ವಾಂತಿಯ ವಿಷಯ ಹೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ‘ನನ್ನನ್ನು ಸಮಾಧಾನ ಮಾಡಿ’ ಎಂದರೆ ಅವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ನನ್ನೊಂದಿಗೆ ಕುಳಿತಿರಿ’ ಎಂದು ಕೇಳಿ. ಮನಶ್ಶಾಸ್ತ್ರಜ್ಞರೊಂದಿಗಿನ ಮಾತುಚಿಕಿತ್ಸೆ ಇಂಥ ತೊಂದರೆಗೆ ಹೆಚ್ಚು ಆಧಾರವಿರುವ ದಾರಿ. ಅದಕ್ಕೆ ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತು ಭೇಟಿಗಳು ಬೇಕು, ಹಣವೂ ಸಮಯವೂ ಖರ್ಚಾಗುತ್ತವೆ, ಮೊದಲ ಎರಡು ಮೂರು ಭೇಟಿಗಳ ನಂತರ ಮನಸ್ಸು ಹೆಚ್ಚು ಕದಡಬಹುದು. ಖಾಸಗಿಯಾಗಿ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಬದುಕೇ ಬೇಡ ಎಂಬ ಯೋಚನೆ ಒಂದು ಕ್ಷಣವಾದರೂ ಬಂದಿದ್ದರೆ, ದಿನಾಲೂ ಅಳು, ನಿದ್ದೆಗೇಡು ಇದ್ದರೆ, ಮನೋವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ. ಟೆಲಿಮಾನಸ್ ಸಹಾಯವಾಣಿ 14416 ಉಚಿತ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಫೋಟೋ. ಅಳಿಸಿದವುಗಳ ಬಗ್ಗೆ ಈಗ ಕೊರಗಬೇಡಿ. ಮುಖದ ಹತ್ತಿರ ಹಿಡಿದು ನೀವೇ ತೆಗೆದುಕೊಳ್ಳುವ ಫೋಟೋವನ್ನು ಸದ್ಯಕ್ಕೆ ಬಿಟ್ಟುಬಿಡಿ. ಒಂದು ಅಡಿ ದೂರದಿಂದ ತೆಗೆದಾಗ ಮೂಗು ಇರುವುದಕ್ಕಿಂತ ಶೇಕಡಾ 30ರಷ್ಟು ಅಗಲವಾಗಿ ಕಾಣಬಹುದು ಎಂದು ವೈದ್ಯರೇ ಲೆಕ್ಕ ಹಾಕಿದ್ದಾರೆ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನೆರಳಿನಲ್ಲಿ ನಿಂತು, ಮಗನನ್ನು ಎತ್ತಿಕೊಳ್ಳಿ. ಐದಾರು ಅಡಿ ದೂರದಿಂದ ನಿಮ್ಮ ಗಂಡ ಒಂದು ಫೋಟೋ ತೆಗೆಯಲಿ. ಅದು ಅವರ ಮೊಬೈಲಿನಲ್ಲೇ ಒಂದು ತಿಂಗಳು ಇರಲಿ, ನೀವು ನೋಡಬೇಡಿ. ಪ್ರತಿ ಭಾನುವಾರ ಹೀಗೇ ಒಂದೊಂದು. ನಾಲ್ಕಾದ ಮೇಲೆ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಟ್ಟಿಗೆ ನೋಡಿ. ಅವನು ಬೆರಳಿಟ್ಟು ಯಾರನ್ನು ತೋರಿಸುತ್ತಾನೆ, ಏನೆಂದು ಕರೆಯುತ್ತಾನೆ ಎಂದು ನನಗೆ ಬರೆಯಿರಿ. ಚರ್ಮದ ವೈದ್ಯರು ಏನೆಂದರು ಎಂಬುದನ್ನೂ ಮರೆಯದೆ ತಿಳಿಸಿ.